ಬೀಗದ ಪತ್ರದ ಮೇಲಿನ ಚೀಟಿ

ಹೆಸರು ಹೇಳದೆ ಪತ್ರ ಬರೆಯುವುದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಲು ಹೋಗಬೇಡಿ. ಚೀಟಿಯಮ್ಮನಿಗೆ ಅದನ್ನು ಕಲಿಯಲು ಏಳು ದಿನ ಹಿಡಿಯಿತು. ಅವಳೇನು ದಡ್ಡಿಯಲ್ಲ. ಆದರೆ ಹದಿನಾಲ್ಕು ವರ್ಷದಿಂದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಇಕ್ಕಳ, ಚಾಕುಗಳನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ, ಆವಿಯ ಯಂತ್ರದಲ್ಲಿ ಬೇಯಿಸಿ ಮೇಲಿನ ಥಿಯೇಟರಿಗೆ ಕಳಿಸುತ್ತ ಬಂದವಳು. ಬೇಯಿಸುವ ವಿದ್ಯೆಯೇ ಬೇರೆ, ಬಚ್ಚಿಡುವ ವಿದ್ಯೆಯೇ ಬೇರೆ.

ಚೀಟಿಯಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಜೊತೆಯವರು ಹೊರಿಸಿದ್ದು. ಆ ಕೋಣೆಯಿಂದ ಚೀಟಿ ಇಲ್ಲದೆ ಒಂದು ಸೂಜಿಯೂ ಹೊರಗೆ ಹೋಗುವಂತಿಲ್ಲ. ಎಷ್ಟನೇ ಯಂತ್ರ, ಎಷ್ಟನೇ ಲೋಡ್, ಯಾವ ತಾರೀಖು, ಕಟ್ಟಿದವರ ಗುರುತಿನ ಸಂಖ್ಯೆ ಎಷ್ಟು, ಈ ನಾಲ್ಕನ್ನೂ ಬರೆದು ಅಂಟಿಸಬೇಕು. ನಾಳೆ ಏನಾದರೂ ಎಡವಟ್ಟಾದರೆ ಎಲ್ಲಿ ಆಯಿತು, ಯಾರ ಕೈಯಲ್ಲಿ ಆಯಿತು ಎಂದು ಹುಡುಕುವುದಕ್ಕೆ. ಉಳಿದವರು ಇದನ್ನು ಕೆಲಸದ ಹೊತ್ತಿನಲ್ಲಿ ಮಾತ್ರ ಮಾಡುತ್ತಿದ್ದರು. ಇವಳು ಊಟದ ಡಬ್ಬಿಗೂ ಚೀಟಿ ಅಂಟಿಸುತ್ತಿದ್ದಳು, ತಾಯಿಯ ಮಾತ್ರೆ ಶೀಶೆಗಳಿಗೂ ಅಂಟಿಸುತ್ತಿದ್ದಳು. "ಇವಳ ಮದುವೆ ಆಗಿದ್ದಿದ್ರೆ ಗಂಡನ ಬೆನ್ನಿಗೂ ಒಂದು ಅಂಟಿಸ್ತಿದ್ಳು" ಎಂದು ದೊಡ್ಡಕ್ಕ ನಗುತ್ತಿದ್ದಳು.

ದೊಡ್ಡಕ್ಕ ಆ ಕೋಣೆಯ ಹಿರಿಯಳು. ರಕ್ತಸಂಬಂಧವೇನೂ ಇಲ್ಲ, ಎಲ್ಲರಿಗೂ ದೊಡ್ಡಕ್ಕ. ಬಟ್ಟೆಯ ನಾಲ್ಕು ಮೂಲೆಗಳನ್ನು ಹೇಗೆ ಮಡಚಬೇಕು ಎಂಬುದರಿಂದ ಹಿಡಿದು ಸಾಹೇಬರ ಮುಂದೆ ಎಷ್ಟು ಮಾತಾಡಬೇಕು ಎಂಬುದರವರೆಗೆ ಚೀಟಿಯಮ್ಮನಿಗೆ ಹೇಳಿಕೊಟ್ಟವಳು ಅವಳೇ. ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ಅವಳ ಸಂಖ್ಯೆ ನಾಲ್ಕು. ಚೀಟಿಯಮ್ಮನದು ಒಂಬತ್ತು.

ಸಂಗತಿ ಇಷ್ಟು. ಪ್ರತಿ ಸೋಮವಾರ ದೊಡ್ಡಕ್ಕ ಕಟ್ಟಿದ ಲೋಡಿನ ನಡುವೆ ಹೆಬ್ಬೆರಳು ಗಾತ್ರದ ಒಂದು ಶೀಶೆ ಇಡುತ್ತಾರೆ. ಅದರೊಳಗೆ ಅಷ್ಟು ಸುಲಭಕ್ಕೆ ಸಾಯದ ರೋಗಾಣುಗಳಿರುತ್ತವೆ. ಯಂತ್ರ ಸರಿಯಾಗಿ ಬೇಯಿಸಿದ್ದರೆ ಅವು ಸತ್ತು ಶೀಶೆಯ ನೀರು ನೇರಳೆಯಾಗಿಯೇ ಉಳಿಯುತ್ತದೆ. ಬದುಕಿಕೊಂಡರೆ ಮರುದಿನದ ಹೊತ್ತಿಗೆ ಹಳದಿಯಾಗುತ್ತದೆ. ಎರಡನೇ ಯಂತ್ರದ ಶೀಶೆ ಹಳದಿಯಾಯಿತು. ದೊಡ್ಡಕ್ಕ ಓಡಿಹೋಗಿ ಆಡಳಿತಾಧಿಕಾರಿಗೆ ಹೇಳಿದಳು. ಸಾಹೇಬರು, "ಹೊಸ ಮಿಷನ್ ಮುಂದಿನ ತಿಂಗಳು ಬರುತ್ತೆ, ಅಲ್ಲೀವರೆಗೆ ಸುಧಾರಿಸ್ಕೊಳ್ಳಿ. ಒಂದೇ ಮಿಷನ್ನಲ್ಲಿ ಆಪರೇಷನ್ ನಡೆಸಕ್ಕಾಗುತ್ತಾ?" ಎಂದರು. ದೊಡ್ಡಕ್ಕ ಕೆಳಗೆ ಬಂದು ರಿಜಿಸ್ಟರಿನಲ್ಲಿ ನೇರಳೆ ಎಂದು ಬರೆದಳು.

"ದೊಡ್ಡಕ್ಕಾ, ಅದು ಹಳದಿ" ಎಂದಿದ್ದಳು ಚೀಟಿಯಮ್ಮ.

"ನಂಗೂ ಕಣ್ಣಿದೆ. ನೀನು ನಿನ್ನ ಕೆಲಸ ನೋಡ್ಕೋ."

ಮುಂದಿನ ಸೋಮವಾರವೂ ಹಳದಿ, ಬರೆದದ್ದು ನೇರಳೆ. ಆ ಯಂತ್ರದಿಂದ ಬಂದ ಚಾಕು ದಿನವೂ ಮೇಲೆ ಯಾರದೋ ಹೊಟ್ಟೆಯೊಳಗೆ ಇಳಿಯುತ್ತಿತ್ತು. ಚೀಟಿಯಮ್ಮನಿಗೆ ಅನ್ನ ಸೇರದಾಯಿತು. ಆ ಯಂತ್ರ ನಿಲ್ಲಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದುದು. ಆದರೆ ಅವಳೂ ಅವಳ ತಾಯಿಯೂ ಇದ್ದದ್ದು ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ, ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಹಿಂದಿನ ವರ್ಷ ಯಾರೋ ಸಹಿ ಇಲ್ಲದ ಕಾಗದ ಬರೆದಿದ್ದರು. ಸಾಹೇಬರು ರಿಜಿಸ್ಟರುಗಳನ್ನೆಲ್ಲ ತರಿಸಿಕೊಂಡು ಅಕ್ಷರ ತಾಳೆ ನೋಡಿದರು, ಒಬ್ಬ ಆಯಾ ವಾರದೊಳಗೆ ಗಂಟುಮೂಟೆ ಕಟ್ಟಬೇಕಾಯಿತು. ದಿನಕ್ಕೆ ಐವತ್ತು ಚೀಟಿ ಬರೆಯುವ ಚೀಟಿಯಮ್ಮನ ಅಕ್ಷರವಂತೂ ಇಡೀ ಆಸ್ಪತ್ರೆಗೆ ಪರಿಚಿತ.

ಹಾಗಾಗಿ ಅವಳು ಹೋಗಿದ್ದು ತನ್ನ ಒಡಹುಟ್ಟಿದ ಅಕ್ಕನ ಗಂಡನ ಬಳಿಗೆ. ಭಾವನದು ಫೋನ್ ರಿಪೇರಿ ಅಂಗಡಿ. ಎದುರಿಗೆ ಬಿಚ್ಚಿದ ಫೋನು, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡೇ ಮಾತಾಡುವ ಮನುಷ್ಯ.

"ನೋಡಮ್ಮಾ, ಆಸ್ಪತ್ರೆಗಳನ್ನ ನೋಡೋ ಸರ್ಕಾರಿ ತಪಾಸಣೆ ಆಫೀಸಿನವರು ತಮ್ಮ ಬೀಗವನ್ನ ವೆಬ್‌ಸೈಟಲ್ಲಿ ಎಲ್ಲರಿಗೂ ಇಟ್ಟಿದ್ದಾರೆ. ಬೀಗ ಯಾರು ಬೇಕಾದ್ರೂ ತಗೊಂಡು ಹಾಕ್ಬಹುದು. ಬೀಗದ ಕೈ ಮಾತ್ರ ಅವರ ಹತ್ರಾನೇ ಇರುತ್ತೆ. ನೀನು ಪತ್ರ ಬರೆದು ಆ ಬೀಗ ಒತ್ತಿದ್ಯೋ, ಮುಗೀತು. ಆಮೇಲೆ ನೀನೂ ತೆಗೆಯಕ್ಕಾಗಲ್ಲ."

"ನಾನೇ ಬರೆದಿದ್ದು ನಂಗೇ ತೆಗೆಯಕ್ಕಾಗಲ್ವಾ?"

"ನಿಂಗೂ ಇಲ್ಲ, ನಂಗೂ ಇಲ್ಲ, ನಿಮ್ಮ ಸಾಹೇಬ ತಲೆಕೆಳಗಾಗಿ ನಿಂತ್ರೂ ಇಲ್ಲ."

ಆ ಮಾತು ಅವಳಿಗೆ ತುಂಬಾ ಹಿಡಿಸಿತು. ಅಂಗಡಿಯಲ್ಲಿದ್ದ ಸಿಮ್ ಇಲ್ಲದ ಹಳೆಯ ಫೋನೊಂದನ್ನು ಭಾವ ಕೊಟ್ಟ. ಎಲ್ಲಿಂದ ಕಳಿಸಿದ್ದು ಎಂದು ಗೊತ್ತಾಗದ ಬ್ರೌಸರ್ ಹಾಕಿಕೊಟ್ಟ, ಯಾರ ಹೆಸರೂ ಇಲ್ಲದ ಹೊಸ ಮೇಲ್ ವಿಳಾಸ ಮಾಡಿಸಿದ. ಫೋಟೋದೊಳಗೆ ಯಾವ ಫೋನು, ಎಷ್ಟು ಹೊತ್ತಿಗೆ ಎಂಬ ಗುರುತೆಲ್ಲ ಅಡಗಿರುತ್ತದಂತೆ, ಅದನ್ನು ಅಳಿಸುವುದನ್ನೂ ಕಲಿಸಿದ. ಅವಳು ಮೂರು ಸಲ ಮರೆತಳು, ನಾಲ್ಕು ಸಲ ಕಲಿತಳು. ಅಭ್ಯಾಸಕ್ಕೆಂದು ಬರೆದ ಮೊದಲ ಪತ್ರ ಬೀಗ ಬಿದ್ದೊಡನೆ ಇರುವೆ ಸಾಲಿನ ಹಾಗೆ ಅರ್ಥವಿಲ್ಲದ ಅಕ್ಷರಗಳಾದಾಗ ಚಪ್ಪಾಳೆ ತಟ್ಟಿಬಿಟ್ಟಳು.

ಮೂರನೇ ಸೋಮವಾರದ ಶೀಶೆ ಮಂಗಳವಾರ ಬೆಳಿಗ್ಗೆ ಹಳದಿಯಾಗಿತ್ತು. ಊಟದ ಬಿಡುವಿನಲ್ಲಿ ಚೀಟಿಯಮ್ಮ ಬಸ್ ನಿಲ್ದಾಣಕ್ಕೆ ಹೋದಳು. ಅಲ್ಲಿ ಬಿಟ್ಟಿ ವೈಫೈ ಇತ್ತು, ನೂರಾರು ಜನರೂ ಇದ್ದರು. ಕಲ್ಲುಬೆಂಚಿನ ತುದಿಯಲ್ಲಿ ಕೂತು ಬರೆದಳು. ಮೂರು ಶೀಶೆಯ ಫೋಟೋ ಸೇರಿಸಿದಳು. ರಿಜಿಸ್ಟರಿನಲ್ಲಿ ಸುಳ್ಳು ಇದೆ ಎಂದು ಬರೆದಳೇ ಹೊರತು ಬರೆದವರು ಯಾರೆಂದು ತಪ್ಪಿಯೂ ಹೇಳಲಿಲ್ಲ. ದೊಡ್ಡಕ್ಕನಿಗೆ ಏನೂ ಆಗಕೂಡದು. ಪಕ್ಕದಲ್ಲಿ ಒಬ್ಬ ಬಂದು ಕೂತ. ಅವಳು ಫೋನನ್ನು ಸೆರಗಿನಡಿ ಸರಿಸಿದಳು. ಅವನು ಚಪ್ಪಲಿ ಬಿಚ್ಚಿ ಕಾಲು ನೀವಿಕೊಂಡು ತನ್ನ ಬಸ್ಸಿಗೆ ಎದ್ದುಹೋದ. ಬೀಗ ಒತ್ತಿದಳು. ಬರೆದದ್ದೆಲ್ಲ ಇರುವೆ ಸಾಲಾಯಿತು.

ಕಳಿಸುವುದೊಂದೇ ಬಾಕಿ. ಆದರೆ ಮೇಲ್ಗಡೆ, ವಿಷಯ ಎಂಬಲ್ಲಿ, ಒಂದು ಮನೆ ಖಾಲಿ ಇತ್ತು. ಮೂಟೆ ಕಟ್ಟಿಯಾಯಿತು, ಬೇಯಿಸಿಯಾಯಿತು, ಮೇಲೆ ಚೀಟಿಯೇ ಇಲ್ಲ. ಹದಿನಾಲ್ಕು ವರ್ಷದ ಕೈ ಸುಮ್ಮನಿರುತ್ತದೆಯೇ? ಯಾವ ಲೋಡಿನ ಶೀಶೆಯ ಮಾತೆಂದು ಓದುವವರಿಗೆ ಗೊತ್ತಾಗುವುದು ಬೇಡವೇ? ಬೆರಳು ತಾನೇ ಬರೆಯಿತು: ಯಂತ್ರ 2, ಲೋಡ್ 41, ಸೋಮವಾರದ ತಾರೀಖು, ಕಟ್ಟಿದವರು 4. ಕಳಿಸಿದಳು. ಸಂಜೆ ಭಾವ ಆ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿಸಿ ಯಾರಿಗೋ ಮಾರಿಯೂ ಬಿಟ್ಟ. ಆ ದಿನ ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಆಡಳಿತಾಧಿಕಾರಿ ನೆಲಮಾಳಿಗೆಗೆ ಇಳಿದು ಬಂದರು. ಆ ಪುಣ್ಯಾತ್ಮರು ಅಲ್ಲಿಗೆ ಬಂದದ್ದನ್ನು ಚೀಟಿಯಮ್ಮ ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಬಿಸಿ ಆವಿಗೆ ಅವರ ಕನ್ನಡಕ ಮಸುಕಾಯಿತು. ಅದನ್ನು ಒರೆಸಿಕೊಂಡು ಕೈಯಲ್ಲಿದ್ದ ಹಾಳೆಯನ್ನು ಎತ್ತಿ ಹಿಡಿದರು.

"ತಪಾಸಣೆ ಆಫೀಸಿನ ಗುಮಾಸ್ತರು ಇದನ್ನ ಊರಿನ ನಾಲ್ಕು ಆಸ್ಪತ್ರೆಗೂ ಕಳ್ಸಿದ್ದಾರೆ. ಓದಕ್ಕೇ ಆಗ್ತಿಲ್ಲ, ಇದರ ಕೀ ಇರೋ ಆಫೀಸರ್ ರಜದಲ್ಲಿದ್ದಾರೆ, ಸೋಮವಾರ ಬರ್ತಾರೆ, ಇದು ನಿಮ್ಮಲ್ಲಿಂದ ಬಂದಿದ್ದಾ ಅಂತ ಕೇಳಿದ್ದಾರೆ." ಅವರು ಸುತ್ತ ನೋಡಿದರು. "ಯಾರಿಲ್ಲಿ ನಾಲ್ಕು?"

ಚೀಟಿಯಮ್ಮನ ಕೈಯಲ್ಲಿದ್ದ ಇಕ್ಕಳ ತಟ್ಟೆಗೆ ಬಿತ್ತು. ಹಾಳೆಯ ತುಂಬ ಇರುವೆ ಸಾಲು. ಅದರ ನೆತ್ತಿಯ ಮೇಲೆ, ಬೀಗದ ಹೊರಗೆ, ಬರಿಗಣ್ಣಿಗೆ ಕಾಣುವಂತೆ, ತನ್ನದೇ ಚೀಟಿ.

"ನಾನು ಸರ್" ಎಂದು ದೊಡ್ಡಕ್ಕ ಮುಂದೆ ಬಂದಳು. ಹಾಳೆಯ ಮೇಲೆ ಕಣ್ಣಾಡಿಸಿದಳು. ಆಮೇಲೆ ಒಂದು ಕ್ಷಣ, ಒಂದೇ ಕ್ಷಣ, ಚೀಟಿಯಮ್ಮನ ಕಡೆ ನೋಡಿದಳು. ಅಪರಿಚಿತರಿಗೆ ಬರೆಯುವ ಪತ್ರಕ್ಕೂ ಚೀಟಿ ಅಂಟಿಸುವ ಪ್ರಾಣಿ ಈ ಪ್ರಪಂಚದಲ್ಲಿ ಒಂದೇ ಇದೆ ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ನಡೀರಿ ಮೇಲೆ" ಎಂದರು ಸಾಹೇಬರು. ದೊಡ್ಡಕ್ಕ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಅವರ ಹಿಂದೆ ಹೋದಳು.

ಚೀಟಿಯಮ್ಮ ಬಟ್ಟೆ ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡು ಭಾವನಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಸಬ್ಜೆಕ್ಟಲ್ಲಿ ಏನಾದ್ರೂ ಬರೆದ್ಯಾ?" ಎಂದ ಭಾವ.

"ಖಾಲಿ ಇತ್ತಲ್ಲ ಭಾವಾ, ಚೀಟಿ ಹಾಕ್ದೆ."

"ಅಯ್ಯೋ ಮಹಾರಾಯ್ತೀ, ಬೀಗ ಬೀಳೋದು ಒಳಗಿನ ಪತ್ರಕ್ಕೆ. ಆ ಸಾಲಿಗೆ ಬೀಗ ಇಲ್ಲ. ಅದು ಲಕೋಟೆ ಮೇಲಿನ ವಿಳಾಸ ಇದ್ದ ಹಾಗೆ, ದಾರೀಲಿ ಹೋಗೋರೆಲ್ಲ ಓದ್ತಾರೆ. ಹೇಳ್ಬೇಕಿತ್ತು ನಾನು. ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ." ಆಮೇಲೆ ದನಿ ತಗ್ಗಿಸಿ ಹೇಳಿದ. "ಆದ್ರೆ ನಿನ್ನ ನಂಬರ್ ಅಲ್ವಲ್ಲ ಅದು. ಫೋನಿಲ್ಲ, ಗುರುತಿಲ್ಲ. ಯಾರೂ ನಿನ್ನ ಹತ್ರ ಬರಲ್ಲ. ಸೋಮವಾರದವರೆಗೆ ಬಾಯಿ ಮುಚ್ಕೊಂಡಿರು."

ನಾಲ್ಕೇ ದಿನ. ಬಾಯಿ ಮುಚ್ಚಿಕೊಂಡಿದ್ದರೆ ಅಮ್ಮನ ಮಂಚ ಅದೇ ಕಿಟಕಿಯ ಕೆಳಗೆ ಇರುತ್ತದೆ. ಸೋಮವಾರ ಆಫೀಸರು ಬಂದು ಬೀಗ ತೆಗೆಯುತ್ತಾರೆ, ಯಂತ್ರ ನಿಲ್ಲುತ್ತದೆ. ಚೀಟಿಯಮ್ಮ ಬಟ್ಟೆಯ ರಾಶಿಗೆ ಹಣೆ ಒತ್ತಿ ನಿಂತಳು. ಗೋಡೆಯಾಚೆ ಎರಡನೇ ಯಂತ್ರ ಆವಿ ಬಿಟ್ಟ ಸದ್ದು ಕೇಳಿತು. ನಾಳೆಯ ಆಪರೇಷನ್ನಿನ ಸೆಟ್ಟುಗಳು ಅದರೊಳಗೆ ಇದ್ದವು, ಇಂದಿನವು ಆಗಲೇ ಮೇಲೆ ಹೋಗಿದ್ದವು. ತಾನು ಎಷ್ಟು ಹೇಡಿ ಎಂದು ಅವಳಿಗೆ ನಾಚಿಕೆಯಾಯಿತು. ಬಾಗಿಲು ತೆಗೆದು ಮೆಟ್ಟಿಲು ಹತ್ತಿದಳು.

ಸಾಹೇಬರ ಕೋಣೆಯ ಬಾಗಿಲು ಅರೆತೆರೆದಿತ್ತು. ಒಳಗೆ ದೊಡ್ಡಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ನಾನೇ ಕಳ್ಸಿದ್ದು ಅಂದ್ನಲ್ಲ ಸರ್" ಎನ್ನುತ್ತಿದ್ದಳು.

"ಬೀಗ ಹೇಗೆ ಹಾಕಿದ್ರಿ?"

"ಎಲ್ಲರೂ ಹಾಕೋ ಹಾಗೇ ಹಾಕ್ದೆ."

ಕರೆ ಬಂದರೆ ಯಾವ ಗುಂಡಿ ಒತ್ತಬೇಕೆಂದು ಈಗಲೂ ಪಕ್ಕದವರನ್ನು ಕೇಳುವವಳು ದೊಡ್ಡಕ್ಕ. ಚೀಟಿಯಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಬಾಗಿಲು ತಳ್ಳಿ ಒಳಗೆ ಹೋದಳು.

"ಸರ್, ಅದನ್ನ ಕಳ್ಸಿದ್ದು ನಾನು."

"ಏಯ್, ಕೆಳಗೆ ಹೋಗೇ! ಕೆಲಸ ಬಿಟ್ಟು ಇಲ್ಲೇನು ನಿಂಗೆ?" ದೊಡ್ಡಕ್ಕ ಎದ್ದೇಬಿಟ್ಟಳು. "ಇವಳ ಮಾತು ಕೇಳ್ಬೇಡಿ ಸರ್. ನನ್ನ ಮೇಲಿನ ಪ್ರೀತಿಗೆ ಏನೇನೋ ಹೇಳ್ತಾಳೆ."

ಸಾಹೇಬರು ಹಾಳೆಯನ್ನು ಚೀಟಿಯಮ್ಮನ ಮುಂದಕ್ಕೆ ಸರಿಸಿದರು. "ನೀನೇನಾ? ಹಾಗಾದ್ರೆ ಇದನ್ನ ತೆಗೆದು ತೋರ್ಸು."

"ಆಗಲ್ಲ ಸರ್. ಹಾಕಿದವರಿಗೂ ತೆಗೆಯಕ್ಕಾಗಲ್ಲ."

"ಕಳ್ಸಿದ ಫೋನು?"

"ಅಳಿಸಿ ಆಯ್ತು."

"ಮತ್ತೆ ನೀನೇ ಅನ್ನೋದಕ್ಕೆ ಏನಿದೆ ಪುರಾವೆ?"

ಏನೂ ಇರಲಿಲ್ಲ. ಏಳು ದಿನ ಕಣ್ಣಲ್ಲಿ ಕಣ್ಣಿಟ್ಟು ತನ್ನ ಗುರುತನ್ನೆಲ್ಲ ಅಳಿಸಿದ್ದಳು. ಈಗ ಬೇಕೆಂದರೂ ಒಂದು ಚೂರೂ ಉಳಿದಿರಲಿಲ್ಲ. ಸಾಹೇಬರು ಕುರ್ಚಿಗೆ ಒರಗಿ ನಕ್ಕರು. ಕೆಟ್ಟ ಮನುಷ್ಯನ ನಗುವಲ್ಲ ಅದು, ಸುಸ್ತಾದವರ ನಗು. ಅದೇ ಹೆಚ್ಚು ಭಯ ಹುಟ್ಟಿಸಿತು.

"ಇಬ್ಬರೂ ನಾನು ನಾನು ಅಂತೀರಿ. ಯಾರಾದ್ರೇನು, ನಂಗೆ ಬೇಡ. ಇಲ್ಲಿ ಒಂದು ಕಾಗದ ಟೈಪ್ ಮಾಡ್ಸಿದ್ದೀನಿ. ಮೇಲ್ ಕೈತಪ್ಪಿ ಹೋಗಿದ್ದು, ನಮ್ಮ ಮಿಷನ್ ಸರಿಯಾಗಿದೆ, ಆ ಮೇಲ್ ತೆಗೆಯೋ ಅಗತ್ಯ ಇಲ್ಲ, ಅಷ್ಟೇ. ಕೋಣೆಯ ಹಿರಿಯರಾಗಿ ನೀವು ಸಹಿ ಹಾಕಿ. ಯಾರ ಕೆಲಸಾನೂ ಹೋಗಲ್ಲ, ಯಾರ ಮನೇನೂ ಹೋಗಲ್ಲ. ನಿಮ್ಮ ನಿವೃತ್ತಿಗೆ ನಾನೇ ಹಾರ ಹಾಕ್ತೀನಿ."

ದೊಡ್ಡಕ್ಕ ಪೆನ್ನು ತೆಗೆದುಕೊಂಡಳು. ಅವಳ ಕಣ್ಣು ಕಾಗದದ ಮೇಲಿರಲಿಲ್ಲ, ಚೀಟಿಯಮ್ಮನ ಮೇಲಿತ್ತು. "ನಿನ್ನ ತಾಯೀನ ಎಲ್ಲಿ ಮಲಗಿಸ್ತೀಯ?" ಎಂದಳು ಮೆಲ್ಲಗೆ. ಅದು ಪ್ರಶ್ನೆಯಲ್ಲ, ತಾನು ಮಾಡಹೊರಟದ್ದಕ್ಕೆ ಕಾರಣ.

ಸಾಹೇಬರ ಮೇಜಿನ ಮೇಲೆ ಆಸ್ಪತ್ರೆಯ ಒಳಗಿನ ಫೋನಿತ್ತು. ನೆಲಮಾಳಿಗೆಯವರಿಗೆಲ್ಲ ಗೊತ್ತಿದ್ದ, ಯಾರೂ ಬಳಸದ ನಿಯಮವೊಂದಿತ್ತು. ಕಟ್ಟುವವರಲ್ಲಿ ಯಾರೇ ಆಗಲಿ, ಯಾರ ಅಪ್ಪಣೆಯನ್ನೂ ಕೇಳದೆ, ಥಿಯೇಟರಿಗೆ ಕರೆ ಮಾಡಿ ಒಂದು ಯಂತ್ರದ ಸೆಟ್ಟುಗಳನ್ನೆಲ್ಲ ವಾಪಸ್ ಕರೆಸಬಹುದು. ಥಿಯೇಟರಿನವರು ಮರುಮಾತಾಡದೆ ಕಳಿಸಬೇಕು. ಬೀಗ ಬೇಡ, ಬೀಗದ ಕೈ ಬೇಡ, ಸೋಮವಾರದವರೆಗೆ ಕಾಯುವುದೂ ಬೇಡ. ಬೇಕಾದದ್ದು ಒಂದೇ, ಕರೆ ಮಾಡಿದವರ ಪೂರ್ತಿ ಹೆಸರು. ಅದನ್ನು ಥಿಯೇಟರಿನ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದಿಡುತ್ತಾರೆ. ಆ ಒಂದು ಹೆಸರನ್ನು ಬಚ್ಚಿಡಲು ಅವಳು ಇಷ್ಟು ದಿನ ಲೋಕವನ್ನೆಲ್ಲ ಸುತ್ತಿದ್ದಳು.

ಚೀಟಿಯಮ್ಮ ಫೋನ್ ಎತ್ತಿದಳು.

"ಏನ್ ಮಾಡ್ತಿದ್ದೀಯ?" ಎಂದರು ಸಾಹೇಬರು. ಅಷ್ಟರಲ್ಲಿ ಆ ಕಡೆಯಿಂದ ನರ್ಸಿನ ದನಿ ಬಂದಾಗಿತ್ತು.

"ಶುದ್ಧೀಕರಣ ಕೋಣೆಯಿಂದ ಸಿಸ್ಟರ್. ಎರಡನೇ ಮಿಷನ್ನಿನ ಸೆಟ್ ಒಂದನ್ನೂ ಬಿಚ್ಬೇಡಿ. ಎಲ್ಲಾ ವಾಪಸ್ ಕಳ್ಸಿ. ರೋಗಾಣು ಸತ್ತಿಲ್ಲ."

"ಯಾರು ಮಾತಾಡ್ತಿರೋದು? ಹೆಸರು ಬೇಕು."

ಅವಳು ಹೇಳಿದಳು. ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಶಾಲೆಯಲ್ಲಿ ಹಾಜರಿ ಹೇಳುವಂತೆ ಒಂದೊಂದನ್ನೂ ಬಿಡಿಸಿ ಹೇಳಿದಳು. ಚೀಟಿಯಮ್ಮ ಎಂದೇ ಕರೆಯುತ್ತಿದ್ದ ದೊಡ್ಡಕ್ಕನಿಗೆ ಅದು ಯಾರದೋ ಹೆಸರಿನಂತೆ ಕೇಳಿಸಿರಬೇಕು. ಸಾಹೇಬರು ಫೋನಿಗೆ ಕೈ ಚಾಚಿದರು. ಅವರಿಗಿಂತ ಮೊದಲು ದೊಡ್ಡಕ್ಕ ಅದನ್ನು ಕಿತ್ತುಕೊಂಡಳು.

"ಇನ್ನೊಂದು ಹೆಸರು ಬರ್ಕೋ ತಾಯಿ" ಎಂದು ತನ್ನ ಹೆಸರು ಹೇಳಿದಳು. "ಮೂರು ಸಲ ಹಳದಿ ಇತ್ತು. ಮೂರು ಸಲಾನೂ ನೇರಳೆ ಅಂತ ಬರೆದವಳು ನಾನು. ನನ್ನ ಮಾತಲ್ಲೇ ಬರ್ಕೋ, ತಿದ್ದಬೇಡ."

ಸಾಹೇಬರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಪುಸ್ತಕಕ್ಕೆ ಏರಿದ್ದನ್ನು ಇನ್ನು ಅವರೂ ಇಳಿಸುವಂತಿರಲಿಲ್ಲ. ದೊಡ್ಡಕ್ಕ ಫೋನನ್ನು ಚೀಟಿಯಮ್ಮನ ಕೈಗೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೇಳಿಸ್ತಿದ್ಯಾ?" ಎನ್ನುತ್ತಿದ್ದಳು ನರ್ಸು. "ಮೂರು ಸಲ ಅಂದ್ರೆ ಯಾವಾಗಿಂದ?"

ಚೀಟಿಯಮ್ಮ ಮೊದಲ ಸೋಮವಾರದ ತಾರೀಖು ಹೇಳಿದಳು. ಆ ಕಡೆಯಿಂದ ಪುಟ ತಿರುವುವ ಸದ್ದು ಬಹಳ ಹೊತ್ತು ಬಂತು.

"ಅರವತ್ತಮೂರು ಜನ" ಎಂದಳು ನರ್ಸು ಕೊನೆಗೆ. "ಕೆಲವರು ಮನೆಗೆ ಹೋಗಿದ್ದಾರೆ. ಜ್ವರ ಬಿಡ್ತಿಲ್ಲ ಅಂತ ಇಬ್ಬರು ವಾಪಸ್ ಬಂದು ಮೇಲೆ ಮಲಗಿದ್ದಾರೆ."

ಚೀಟಿಯಮ್ಮ ಲೆಕ್ಕ ಹಾಕಿದಳು. ಅರವತ್ತಮೂರು. ಅದರಲ್ಲಿ ಎಷ್ಟು ಜನ ಆ ಏಳು ದಿನದವರು? ತಾನು ಭಾವನ ಅಂಗಡಿಯಲ್ಲಿ ಕೂತು ಬೀಗ ಹಾಕುವುದನ್ನು ಕಲಿಯುತ್ತಿದ್ದಾಗ, ಮರೆತು ಮತ್ತೆ ಕಲಿಯುತ್ತಿದ್ದಾಗ, ಚಪ್ಪಾಳೆ ತಟ್ಟುತ್ತಿದ್ದಾಗ ಇವರು ಒಬ್ಬೊಬ್ಬರಾಗಿ ಆ ಮೇಜಿನ ಮೇಲೆ ಮಲಗಿದ್ದರು. ಸಾಹೇಬರದೂ ತಪ್ಪು, ದೊಡ್ಡಕ್ಕನದೂ ತಪ್ಪು, ತನ್ನದೂ ತಪ್ಪು. ತನ್ನದು ಎಲ್ಲಕ್ಕಿಂತ ಜಾಣತನದ ತಪ್ಪು ಎಂದು ಅವಳಿಗೆ ಅನ್ನಿಸಿತು.

"ಒಬ್ಬೊಬ್ಬರನ್ನೂ ಕರೆಸಬೇಕು ಸಿಸ್ಟರ್. ಹೆಸರು ಓದಿ, ಬರ್ಕೋತೀನಿ."

"ಅರವತ್ತಮೂರೂ?"

"ಹೂಂ. ಅರವತ್ತಮೂರೂ."

ಸಹಿಗೆಂದು ಟೈಪ್ ಮಾಡಿಸಿಟ್ಟಿದ್ದ ಕಾಗದವನ್ನು ಅವಳು ಮೇಜಿನ ಮೇಲೆ ಮಗುಚಿ ಹಾಕಿದಳು. ದೊಡ್ಡಕ್ಕ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. ನರ್ಸು ಒಂದೊಂದೇ ಹೆಸರು ಓದಿದಳು, ಚೀಟಿಯಮ್ಮ ಒಂದೊಂದೇ ಬರೆದಳು. ಏಳನೆಯ ಹೆಸರಿಗೆ ಬಂದಾಗ ನರ್ಸು "ವಯಸ್ಸು ಆರು" ಎಂದಳು. ಅವಳು ಅದನ್ನೂ ಬರೆದುಕೊಂಡು, ಮುಂದಿನದು ಹೇಳಿ ಎಂದಳು.